ಸಂಬಳದ ಚೀಟಿ ಬರುವ ದಾರಿ

ದುಡಿದು ತಿನ್ನುವವರ ಮನೆಯಲ್ಲಿ ಕಾಗದಪತ್ರಗಳು ಬಹಳ ಇರುವುದಿಲ್ಲ. ಪಡಿತರ ಚೀಟಿ, ಹೊಲದ ಪಟ್ಟಾ, ಮಕ್ಕಳ ಜಾತಿ ಪ್ರಮಾಣಪತ್ರ, ಮನೆಯಲ್ಲಿ ಯಾರಾದರೂ ಕಾರ್ಖಾನೆಗೆ ಹೋಗುತ್ತಿದ್ದರೆ ತಿಂಗಳು ತಿಂಗಳಿಗೆ ಬರುವ ಸಂಬಳದ ಚೀಟಿ, ಇಷ್ಟೇ. ಇವನ್ನು ಟ್ರಂಕಿನ ತಳದಲ್ಲಿ, ಮದುವೆಯ ಸೀರೆಯ ಮಡಿಕೆಯ ಕೆಳಗೆ ಜೋಪಾನವಾಗಿ ಇಟ್ಟಿರುತ್ತಾರೆ. ಸಾಲ ಕೇಳುವಾಗ, ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ, ಆಸ್ಪತ್ರೆಯ ಲೆಕ್ಕ ಕೊಡುವಾಗ ಮೊದಲು ಹೊರಬರುವುದು ಈ ಕಟ್ಟು. ಇದರಲ್ಲಿ ಸಂಬಳದ ಚೀಟಿಯು ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ನಡೆದು ಕೈಸೇರುತ್ತದೆ, ನಡುವೆ ಎಲ್ಲಿ ಕಳೆದುಹೋಗಬಹುದು ಎಂಬುದನ್ನು ಕಣ್ಣಾರೆ ನೋಡುವ ಸಂದರ್ಭ ನಮಗೆ 2019ರಲ್ಲಿ ಒದಗಿತು. ಪಾಠ ಹೇಳುವ ವೃತ್ತಿಯವರಾದ ನಮಗೆ ತಿಳಿದುದನ್ನು ಹೇಳದೆ ಇರುವುದು ಕಷ್ಟ. ಆದುದರಿಂದ ಈ ಬರಹ.

ನಮ್ಮದು ಹೊಸೂರಿನ ಸೀಮೆ. ಊರಿನ ಗುಡ್ಡವನ್ನು ಹತ್ತಿದರೆ ಉತ್ತರಕ್ಕೆ ಕರ್ನಾಟಕದ ತೋಪುಗಳು ಕಾಣುತ್ತವೆ. ನಮ್ಮ ತಂದೆಯವರು ತಮ್ಮ ವಿಳಾಸದಲ್ಲಿ ಸೇಲಂ ಜಿಲ್ಲೆ ಎಂದು ಬರೆದರು. 1965ರಲ್ಲಿ ಜಿಲ್ಲೆ ಒಡೆದುದರಿಂದ ನಾವು ಧರ್ಮಪುರಿ ಎಂದು ಬರೆದೆವು. 2004ರಿಂದ ನಮ್ಮ ಶಾಲೆಯ ಮಕ್ಕಳು ಕೃಷ್ಣಗಿರಿ ಎಂದು ಬರೆಯುತ್ತಿದ್ದಾರೆ. ಮನೆಯಲ್ಲಿ ಆಡುವ ಮಾತು ಮಾತ್ರ ಬದಲಾಗಿಲ್ಲ. ಈ ಓಣಿಯಲ್ಲಿ ಕನ್ನಡ, ಆಚೆ ಓಣಿಯಲ್ಲಿ ತೆಲುಗು, ಸಂತೆಗೆ ಹೋದರೆ ತಮಿಳು; ಮೂರೂ ನಾಲಿಗೆಗೆ ಸಲೀಸು. 1970ರ ದಶಕದಲ್ಲಿ ಹೊಸೂರಿನಲ್ಲಿ ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದಿತು. ಅಂದಿನಿಂದ ರಾಗಿ, ಹುರುಳಿ ಬಿತ್ತುತ್ತಿದ್ದ ಮನೆಗಳಿಂದ ಒಬ್ಬೊಬ್ಬರಾಗಿ ಗಂಡಸರೂ, ಅನಂತರ ಹೆಂಗಸರೂ ಬೆಳಗಿನ ಬಸ್ಸು ಹಿಡಿದು ಕೆಲಸಕ್ಕೆ ಹೋಗತೊಡಗಿದರು.

ಹೀಗೆ ಹೋಗುವವರಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಐದನೆಯ ತರಗತಿಯವರೆಗೆ ನಮ್ಮಲ್ಲೇ ಕನ್ನಡದಲ್ಲಿ ಓದಿದವನು. ಮುಂದೆ ತಮಿಳು, ಇಂಗ್ಲಿಷ್ ಕಲಿತು, ಡಿಪ್ಲೊಮಾ ಮುಗಿಸಿ, ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕೆ ಸೇರಿದ. ಆ ಕಾರ್ಖಾನೆಯವರು ಹಳೆಯ ಸರಕು ಪಟ್ಟಿಗಳ ಕಾಗದವನ್ನು ನಮ್ಮ ಶಾಲೆಗೆ ಉಚಿತವಾಗಿ ಕೊಡುತ್ತಿದ್ದರು. ಎರಡು ಅಂಚಿನಲ್ಲೂ ತೂತುಗಳಿದ್ದು, ಬಿಚ್ಚಿದಷ್ಟೂ ಬಿಚ್ಚಿಕೊಳ್ಳುವ ಅಗಲವಾದ ಕಾಗದ ಅದು. ಒಂದು ಬದಿಯಲ್ಲಿ ಬೋಲ್ಟು, ನಟ್ಟುಗಳ ಲೆಕ್ಕ. ಇನ್ನೊಂದು ಬದಿಯಲ್ಲಿ ನಮ್ಮ ಮಕ್ಕಳ ಕಾಗುಣಿತ. ಹದಿನೈದು ವರ್ಷ ನಮ್ಮ ಶಾಲೆಯ ನಕ್ಷೆಗಳೂ, ವಾರ್ಷಿಕೋತ್ಸವದ ಬರಹಗಳೂ ಈ ಕಾಗದದ ಮೇಲೆಯೇ ನಡೆದವು.

2019ರ ಜೂನ್ ತಿಂಗಳಲ್ಲಿ ಆ ಹುಡುಗ ಒಂದು ರಾತ್ರಿ ಮನೆಗೆ ಬಂದ. ಮುಖ ಬಾಡಿತ್ತು. ಹಳೆಯ ಪ್ರಿಂಟರುಗಳನ್ನು ತೆಗೆದು ಹೊಸದಾಗಿ ಲೇಸರ್ ಪ್ರಿಂಟರುಗಳನ್ನು ಹಾಕಿದ್ದರಂತೆ. ಆಮೇಲೆ ಬಂದ ಮೊದಲ ಸಂಬಳದ ದಿನ ಒಂದು ವಿಭಾಗದ 46 ಜನರ ಚೀಟಿಗಳೇ ಹೊರಬರಲಿಲ್ಲ. ಸಂಬಳವೇನೋ ಬ್ಯಾಂಕಿಗೆ ಸೇರಿತ್ತು; ಚೀಟಿ ಮಾತ್ರ ಇಲ್ಲ. ಕಂಪ್ಯೂಟರಿನಲ್ಲಿ ನೋಡಿದರೆ ‘ಕಳುಹಿಸಿ ಆಯಿತು’ ಎಂಬ ದಾಖಲೆ. ಹುಡುಗನೇ ಎಲ್ಲಿಯೋ ಅಳಿಸಿಬಿಟ್ಟಿದ್ದಾನೆಂದು ಮೇಲಿನವರಿಗೆ ಅನುಮಾನ. “ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂದರು ಸಾರ್. ನಾನು ಏನೂ ಅಳಿಸಿಲ್ಲ” ಎಂದ. ಲೆಕ್ಕದ ತಿಂಗಳು ಮುಚ್ಚಿಹೋಗಿದ್ದುದರಿಂದ, ಅನುಮತಿಗಳನ್ನೆಲ್ಲ ಪಡೆದು ಆ ಚೀಟಿಗಳನ್ನು ಮತ್ತೆ ತೆಗೆಯುವುದಕ್ಕೆ ಹನ್ನೊಂದು ದಿನ ಹಿಡಿಯಿತು.

ಹನ್ನೊಂದು ದಿನ ಎಂದರೆ ಏನು ಮಹಾ ಎಂದು ಕಚೇರಿಯಲ್ಲಿ ಕುಳಿತವರಿಗೆ ತೋರಬಹುದು. ಆ 46 ಜನರಲ್ಲಿ ನಮ್ಮ ಊರಿನವರೊಬ್ಬರಿದ್ದರು. ಅವರ ಮಗಳೂ ನಮ್ಮ ಶಾಲೆಯ ಹುಡುಗಿಯೇ. ಕಾಲೇಜಿಗೆ ಹಣ ಕಟ್ಟಲು ಕಡೆಯ ದಿನ ಹತ್ತಿರವಾಗಿತ್ತು. ವಿದ್ಯಾಭ್ಯಾಸದ ಸಾಲಕ್ಕೆ ಬ್ಯಾಂಕಿನವರು ಕಳೆದ ಮೂರು ತಿಂಗಳ ಸಂಬಳದ ಚೀಟಿ ಕೇಳಿದ್ದರು. ಎರಡು ಇದ್ದವು, ಮೂರನೆಯದು ಇರಲಿಲ್ಲ. ಕೊನೆಗೆ ತಾಯಿಯ ಕೊರಳಿನಲ್ಲಿ ತಾಳಿಯ ಹೊರತು ಇದ್ದ ಒಂದೇ ಸರವನ್ನು ಗಿರವಿ ಇಟ್ಟು ಹಣ ಕಟ್ಟಿದರು. ಒಂದು ಹಾಳೆ ಕಾಗದಕ್ಕೆ ಇಷ್ಟು ತೂಕವಿದೆ.

ಹುಡುಗ ಸುಮ್ಮನೆ ಕೂಡಲಿಲ್ಲ. ಏನಾಯಿತೆಂದು ಕಂಡುಹಿಡಿದು, ಒಂದು ಭಾನುವಾರ ಎಲ್ಲವನ್ನೂ ಹೊಸದಾಗಿ ಹೊಂದಿಸಲು ಅಪ್ಪಣೆ ಪಡೆದ. ಉಳಿದ ಕಾಗದದ ಕಟ್ಟುಗಳನ್ನು ತರಲು ನಾವೂ ಅದೇ ದಿನ ಹೋದೆವು. ಬೆಳಗಿನಿಂದ ಸಂಜೆಯವರೆಗೆ ಅವನ ಪಕ್ಕದಲ್ಲಿ ಕುಳಿತು ನೋಡಿದೆವು. ಅವನು ಹೇಳುತ್ತಾ ಹೋದ. ನಾವು ವಿದ್ಯಾರ್ಥಿಯಂತೆ ಕೇಳುತ್ತಾ ಹೋದೆವು.

ಆ ಯಂತ್ರದ ವಂಶಾವಳಿಯನ್ನು ಮೊದಲು ಹೇಳೋಣ. ಇದು ಮನೆಯಲ್ಲಿರುವ ಚಿಕ್ಕ ಕಂಪ್ಯೂಟರೂ ಅಲ್ಲ, ದೊಡ್ಡ ಬ್ಯಾಂಕುಗಳ ಮಹಾಯಂತ್ರವೂ ಅಲ್ಲ. ಮಧ್ಯಮ ಗಾತ್ರದ ವ್ಯಾಪಾರಿ ಯಂತ್ರ. ಐ.ಬಿ.ಎಂ. ಸಂಸ್ಥೆಯು ಅಮೆರಿಕದ ಮಿನ್ನೆಸೋಟ ರಾಜ್ಯದ ರಾಚೆಸ್ಟರ್ ಎಂಬ ಊರಿನಲ್ಲಿ ಇದನ್ನು ರೂಪಿಸಿ, 1988ರ ಜೂನ್ ತಿಂಗಳಲ್ಲಿ ಎ.ಎಸ್. 400 ಎಂಬ ಹೆಸರಿನಿಂದ ಹೊರತಂದಿತು. ಅದಕ್ಕೆ ಮುಂಚೆ ಸಿಸ್ಟಂ 38, ಸಿಸ್ಟಂ 36 ಎಂಬ ಎರಡು ಯಂತ್ರಗಳಿದ್ದವು. ಇದು ಎರಡಕ್ಕೂ ವಾರಸುದಾರ. 2000ದಲ್ಲಿ ಐ ಸೀರೀಸ್, 2006ರಲ್ಲಿ ಸಿಸ್ಟಂ ಐ ಎಂದು ಹೆಸರು ಬದಲಾಯಿತು. 2008ರಿಂದ ಅದರ ಆಡಳಿತ ತಂತ್ರಾಂಶಕ್ಕೆ ಐ.ಬಿ.ಎಂ. ಐ ಎಂದೇ ಹೆಸರು. ಹೆಸರು ಎಷ್ಟು ಬದಲಾದರೂ ಕೆಲಸ ಮಾಡುವವರ ಬಾಯಲ್ಲಿ ಇಂದಿಗೂ ಎ.ಎಸ್. 400 ಎಂದೇ ಉಳಿದಿದೆ, ನಮ್ಮ ಹಿರಿಯರ ಬಾಯಲ್ಲಿ ಸೇಲಂ ಜಿಲ್ಲೆ ಉಳಿದ ಹಾಗೆ.

ಈ ಯಂತ್ರದಲ್ಲಿ ಅಚ್ಚಿನ ಕೆಲಸ ನಡೆಯುವ ಕ್ರಮ ಬಹಳ ಶಿಸ್ತಿನದು. ಸಂಬಳದ ಲೆಕ್ಕ ಮಾಡುವ ಪ್ರೋಗ್ರಾಂ ನೇರವಾಗಿ ಪ್ರಿಂಟರಿನೊಡನೆ ಮಾತಾಡುವುದಿಲ್ಲ. ತಾನು ಅಚ್ಚು ಮಾಡಬೇಕಾದುದನ್ನು ಒಂದು ಕಡತವಾಗಿ ಮಾಡಿ ಸರದಿಯ ಸಾಲಿನಲ್ಲಿ ನಿಲ್ಲಿಸಿ, ತನ್ನ ಕೆಲಸ ಮುಗಿಯಿತೆಂದು ಹೊರಟುಹೋಗುತ್ತದೆ. ಅಂತಹ ಕಡತಕ್ಕೆ ಸ್ಪೂಲ್ ಫೈಲ್ ಎಂದೂ, ಸಾಲಿಗೆ ಔಟ್‌ಪುಟ್ ಕ್ಯೂ ಎಂದೂ ಹೆಸರು. ಆ ಸಾಲಿನ ತಲೆಯಲ್ಲಿ ರೈಟರ್ ಎಂಬ ಇನ್ನೊಂದು ಪ್ರೋಗ್ರಾಂ ಕುಳಿತಿರುತ್ತದೆ. ಇದು ಒಂದೊಂದಾಗಿ ಕಡತಗಳನ್ನು ಎತ್ತಿ ಪ್ರಿಂಟರಿಗೆ ಒಪ್ಪಿಸುತ್ತದೆ. ಪಡಿತರ ಅಂಗಡಿಯ ಮುಂದಿನ ಸಾಲನ್ನು ಬಲ್ಲ ನಮಗೆ ಇದು ಹೊಸದಲ್ಲ. ಸಾಲಿನಲ್ಲಿ ನಿಂತ ಪ್ರತಿಯೊಂದಕ್ಕೂ ಒಂದು ಸ್ಥಿತಿಯ ಗುರುತು ಇರುತ್ತದೆ: ಸಿದ್ಧವಾಗಿದೆ, ತಡೆಹಿಡಿದಿದೆ, ಅಚ್ಚಾಗುತ್ತಿದೆ, ಅಚ್ಚಾದ ಮೇಲೆ ಉಳಿಸಿದೆ, ಉತ್ತರಕ್ಕೆ ಕಾದಿದೆ ಎಂದು.

ಹಳೆಯ ಕಾಲದಲ್ಲಿ ಪ್ರಿಂಟರುಗಳನ್ನು ಟ್ವಿನ್ಯಾಕ್ಸ್ ಎಂಬ ದಪ್ಪ ತಂತಿಯಿಂದ ಯಂತ್ರಕ್ಕೆ ಕಟ್ಟುತ್ತಿದ್ದರು. ಒಂದು ಎಳೆಗೆ ಏಳು ಸಲಕರಣೆಗಳು. ಎಳೆಯ ಉದ್ದ 5000 ಅಡಿಯವರೆಗೆ. ಪ್ರಿಂಟರು ಯಂತ್ರದ ಕೈಯಳತೆಯಲ್ಲೇ ಇದ್ದುದರಿಂದ ವಿದ್ಯುತ್ ಹೋದರೆ ಯಂತ್ರಕ್ಕೆ ಕೂಡಲೇ ತಿಳಿಯುತ್ತಿತ್ತು. ಕೆಲಸ ನಿಲ್ಲುತ್ತಿತ್ತು, ಕಡತ ಸಾಲಿನಲ್ಲೇ ಉಳಿಯುತ್ತಿತ್ತು. ಹೊಸ ಪ್ರಿಂಟರು ಹಾಗಲ್ಲ. ಅದು ಕಚೇರಿಯ ಜಾಲಕ್ಕೆ ಸೇರಿದ್ದು, ಅಂಕಿಗಳಿಂದಾದ ವಿಳಾಸವೊಂದನ್ನು ಇಟ್ಟುಕೊಂಡು ತನ್ನ ಪಾಡಿಗೆ ತಾನು ಇರುತ್ತದೆ. ಯಂತ್ರವು ಆ ವಿಳಾಸಕ್ಕೆ ಟಪಾಲು ಹಾಕಬೇಕು.

ಟಪಾಲು ಹಾಕಲು ಎರಡು ದಾರಿಗಳಿವೆ. ಮೊದಲನೆಯದು ದೂರದ ಸಾಲಿನ ದಾರಿ. ಸಾಲನ್ನು ಮಾಡುವಾಗಲೇ ‘ಇದರಲ್ಲಿ ಬಂದುದನ್ನೆಲ್ಲ ಈ ವಿಳಾಸಕ್ಕೆ, ಅಲ್ಲಿರುವ ಈ ಹೆಸರಿನ ಸಾಲಿಗೆ ಕಳುಹಿಸು’ ಎಂದು ಬರೆದುಬಿಡುವುದು. ಇದು 515ನೆಯ ಬಾಗಿಲಿನಿಂದ ಹೋಗುತ್ತದೆ. ಮಾಡುವುದು ಸುಲಭ, ಬಹುಮಟ್ಟಿಗೆ ಎಲ್ಲ ಪ್ರಿಂಟರುಗಳೂ ಒಪ್ಪುತ್ತವೆ. ಆದರೆ ಇಡೀ ಕಡತವನ್ನು ಒಟ್ಟಿಗೆ ಕಳುಹಿಸಬೇಕು. ಐದನೆಯ ಪುಟದಿಂದ ಹತ್ತನೆಯ ಪುಟದವರೆಗೆ ಮಾತ್ರ ಎಂದರೆ ಕೇಳುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಆ ಕಡೆಯವರು ‘ತೆಗೆದುಕೊಂಡೆ’ ಎಂದ ಕೂಡಲೇ ಯಂತ್ರವು ಕೆಲಸ ಮುಗಿಯಿತೆಂದು ತಿಳಿದು ತನ್ನಲ್ಲಿರುವ ಕಡತವನ್ನು ಅಳಿಸಿಬಿಡುತ್ತದೆ. ತೆಗೆದುಕೊಂಡದ್ದು ಕಾಗದದ ಮೇಲೆ ಬಂದಿತೇ ಎಂದು ಕೇಳುವುದಿಲ್ಲ.

ಆ ಸಂಬಳದ ದಿನ ನಡೆದದ್ದು ಇದೇ. ಚೀಟಿಗಳು ಪ್ರಿಂಟರಿನ ನೆನಪಿಗೆ ಹೋಗಿ ಸೇರಿದ್ದವು. ಅಷ್ಟರಲ್ಲಿ ವಿದ್ಯುತ್ ಹೋಯಿತು. ದೊಡ್ಡ ಯಂತ್ರಕ್ಕೆ ಬ್ಯಾಟರಿಯ ಆಸರೆ ಇತ್ತು, ಪ್ರಿಂಟರಿಗೆ ಇರಲಿಲ್ಲ. ಲೇಸರ್ ಪ್ರಿಂಟರು ಪುಡಿಯನ್ನು ಕಾಗದಕ್ಕೆ ಬೇಯಿಸಿ ಹಿಡಿಸುವಾಗ ಬಹಳ ವಿದ್ಯುತ್ ಎಳೆಯುವುದರಿಂದ ಅದನ್ನು ಸಾಮಾನ್ಯವಾಗಿ ಆ ಬ್ಯಾಟರಿಗೆ ಸೇರಿಸುವುದಿಲ್ಲ. ವಿದ್ಯುತ್ ಮರಳಿದಾಗ ಪ್ರಿಂಟರಿನ ನೆನಪು ಬರಿದಾಗಿತ್ತು. ಯಂತ್ರದ ಸಾಲೂ ಬರಿದಾಗಿತ್ತು. 46 ಚೀಟಿಗಳು ಎರಡು ಯಂತ್ರಗಳ ನಡುವೆ ಇಲ್ಲವಾದವು. ಯಾರೂ ಕದ್ದಿರಲಿಲ್ಲ, ಯಾರೂ ಅಳಿಸಿರಲಿಲ್ಲ.

ಎರಡನೆಯ ದಾರಿಯಲ್ಲಿ ಪ್ರಿಂಟರನ್ನು ಯಂತ್ರದ ಒಂದು ಸಲಕರಣೆಯಾಗಿಯೇ ನೋಂದಾಯಿಸಬೇಕು. ಜಾಲದ ಪ್ರಿಂಟರೆಂದು ತಿಳಿಸಿ, ವಿಳಾಸ ಕೊಟ್ಟು, 9100ನೆಯ ಬಾಗಿಲು ತೋರಿಸಿ, ಪ್ರಿಂಟರಿನ ಜಾತಿಗೆ ಹೊಂದುವ ಚಾಲಕವನ್ನು ಆರಿಸಬೇಕು. ಇಲ್ಲಿ ಮಾತು ಎರಡು ಕಡೆಯಿಂದಲೂ ನಡೆಯುತ್ತದೆ. ಕಾಗದ ಮುಗಿದರೆ ಪ್ರಿಂಟರು ಹೇಳುತ್ತದೆ. ಕೆಲಸ ಅಚ್ಚಾಗಿ ಮುಗಿದ ಮೇಲೆ ಅದನ್ನೂ ಹೇಳುತ್ತದೆ. ಆ ಮಾತು ಬರುವವರೆಗೆ ಯಂತ್ರವು ಕಡತವನ್ನು ಬಿಡುವುದಿಲ್ಲ. ನಾವು ಹುಡುಗನಿಗೆ ಹೇಳಿದೆವು: “ಮೊದಲನೆಯದು ಡಬ್ಬಿಗೆ ಹಾಕಿದ ಕಾರ್ಡು, ಎರಡನೆಯದು ಸ್ವೀಕೃತಿ ಚೀಟಿ ಅಂಟಿಸಿದ ರಿಜಿಸ್ಟರ್ ಪತ್ರ. ಅಲ್ಲವೇನಪ್ಪ?” ಅವನು ನಕ್ಕು, “ಹೌದು ಸಾರ್, ಇದನ್ನು ನಮ್ಮ ಆಫೀಸರಿಗೂ ಹೀಗೇ ಹೇಳುತ್ತೇನೆ” ಎಂದ. ಆ ರಿಜಿಸ್ಟರ್ ಅಂಚೆಯನ್ನು ಇಲಾಖೆಯವರು 2025ರಲ್ಲಿ ಸ್ಪೀಡ್ ಪೋಸ್ಟಿನೊಡನೆ ಕೂಡಿಸಿಬಿಟ್ಟರು; ಆದರೂ ಆ ಸ್ವೀಕೃತಿ ಚೀಟಿಯ ಬೆಲೆಯನ್ನು ನಮ್ಮ ವಯಸ್ಸಿನವರು ಮರೆಯಲಾರರು.

ಕೆಲಸ ಆರಂಭವಾದದ್ದು ವಿಳಾಸದಿಂದ. ಜಾಲದಲ್ಲಿ ಸಲಕರಣೆಗಳಿಗೆ ವಿಳಾಸವನ್ನು ತಾನಾಗಿಯೇ ಹಂಚುವ ಏರ್ಪಾಡು ಇರುತ್ತದೆ. ಹಾಗೆ ಪಡೆದ ವಿಳಾಸ ಬಾಡಿಗೆ ಮನೆಯಂತೆ. ಇಂದು ಇಲ್ಲಿ, ನಾಳೆ ಅಲ್ಲಿ. ಪ್ರಿಂಟರಿಗೆ ಸ್ವಂತ ಮನೆಯೇ ಬೇಕು. ಆದುದರಿಂದ ಮೊದಲು ಪ್ರಿಂಟರಿನಿಂದಲೇ ಅದರ ವಿವರದ ಹಾಳೆಯನ್ನು ತೆಗೆಸಿ, ಬದಲಾಗದ ವಿಳಾಸವನ್ನು ಗೊತ್ತುಮಾಡಿದ. ಅನಂತರ ದೊಡ್ಡ ಯಂತ್ರದಿಂದ ಪಿಂಗ್ ಎಂಬ ಆಜ್ಞೆಯನ್ನು ಕೊಟ್ಟ. ಬಾಗಿಲು ತಟ್ಟಿ ‘ಇದ್ದೀರಾ’ ಎಂದು ಕೂಗುವುದು ಅದು. ಪ್ರಿಂಟರು ‘ಇದ್ದೇನೆ’ ಎಂದಿತು.

ಮುಂದಿನ ತೊಡಕು ಭಾಷೆಯದು. ಯಂತ್ರಗಳಲ್ಲೂ ಭಾಷೆಯ ಗಡಿ ಇದೆ ಎಂಬುದು ನಮಗೆ ಅಂದು ತಿಳಿಯಿತು. ಈ ವ್ಯಾಪಾರಿ ಯಂತ್ರವು ಅಕ್ಷರಗಳನ್ನು ಎಬ್ಸಿಡಿಕ್ ಎಂಬ ಸಂಕೇತದಲ್ಲಿ ಇಡುತ್ತದೆ. ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರಕ್ಕೆ ಅದರಲ್ಲಿ 193ನೆಯ ಸ್ಥಾನ. ಪ್ರಿಂಟರು ಬಲ್ಲದ್ದು ಆಸ್ಕಿ. ಅದರಲ್ಲಿ ಅದೇ ಅಕ್ಷರಕ್ಕೆ 65. ಸಾಲು ಎಲ್ಲಿ ಮುಗಿಯಿತು, ಪುಟ ಎಲ್ಲಿ ತಿರುಗಿತು ಎಂದು ಹೇಳುವ ಸಂಜ್ಞೆಗಳೂ ಇಬ್ಬರಲ್ಲಿ ಬೇರೆ ಬೇರೆ. ನಡುವೆ ದುಭಾಷಿ ಬೇಕು. ಅದಕ್ಕೆ ಹೋಸ್ಟ್ ಪ್ರಿಂಟ್ ಟ್ರಾನ್ಸ್‌ಫಾರ್ಮ್ ಎಂದು ಹೆಸರು. ಪ್ರಿಂಟರಿನ ತಯಾರಕರು ಯಾರು, ಮಾದರಿ ಯಾವುದು ಎಂಬುದನ್ನು ಈ ದುಭಾಷಿಗೆ ಸರಿಯಾಗಿ ತಿಳಿಸಬೇಕು. ಇಲ್ಲವಾದರೆ ಹಾಳೆಯ ತುಂಬ ಅರ್ಥವಿಲ್ಲದ ಗೀಚು ಬರುತ್ತದೆ.

ಕಾಗದದ ಅಳತೆಯೂ ಹೊಂದಬೇಕಾಗಿತ್ತು. ಹಳೆಯ ಪಟ್ಟಿಗಳಲ್ಲಿ ಸಾಲಿಗೆ 132 ಅಕ್ಷರ. ಅಂಗುಲಕ್ಕೆ 10 ಅಕ್ಷರದಂತೆ 13.2 ಅಂಗುಲ ಬೇಕು. ಎ 4 ಹಾಳೆಯನ್ನು ಅಡ್ಡಲಾಗಿ ಇಟ್ಟರೂ ಸಿಗುವುದು 11.7 ಅಂಗುಲ. ಅಂಗುಲಕ್ಕೆ 15 ಅಕ್ಷರದಂತೆ ಇಕ್ಕಟ್ಟಾಗಿಸಿದಾಗ 8.8 ಅಂಗುಲದಲ್ಲಿ ಎಲ್ಲವೂ ಕುಳಿತಿತು. ಕಾರ್ಬನ್ ಹಾಳೆಯಿಂದ ಎರಡನೆಯ ಪ್ರತಿ ತೆಗೆಯುವುದು ಲೇಸರಿನಲ್ಲಿ ಆಗದು. ಅದು ಕಾಗದವನ್ನು ಕುಟ್ಟುವುದಿಲ್ಲ. ಆದುದರಿಂದ ಎರಡು ಪ್ರತಿ ಎಂದೇ ಬರೆಯಬೇಕಾಯಿತು. ಸರಕು ಸಾಗಣೆಯ ಕಚೇರಿಯ ಪ್ರಿಂಟರನ್ನು ಬೇರೆ ಕಂಪ್ಯೂಟರುಗಳೂ ಬಳಸುತ್ತಿದ್ದವು. ದೊಡ್ಡ ಯಂತ್ರವು ಕೆಲಸ ಮುಗಿದ ಮೇಲೂ ಬಾಗಿಲಲ್ಲಿ ನಿಂತಿದ್ದರೆ ಬೇರೆಯವರು ಒಳಗೆ ಬರುವುದು ಹೇಗೆ? ಹದಿನೈದು ಸೆಕೆಂಡು ಸುಮ್ಮನಿದ್ದರೆ ದಾರಿ ಬಿಡಬೇಕೆಂದು ಗೊತ್ತುಮಾಡಿದ. ಕೊನೆಗೆ ಸಂಬಳದ ಕಡತಗಳನ್ನು ಅಚ್ಚಾದ ಮೇಲೂ ಅಳಿಸದೆ ಸಾಲಿನಲ್ಲೇ ಉಳಿಸಬೇಕೆಂದು ಬರೆದ. ಇದೊಂದು ಮಾತು ಮೊದಲೇ ಇದ್ದಿದ್ದರೆ ಆ ಸರ ಗಿರವಿ ಅಂಗಡಿಗೆ ಹೋಗುತ್ತಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಪರೀಕ್ಷೆಗೆಂದು ಚೀಟಿ ಕಳುಹಿಸಿದಾಗ ಪ್ರಿಂಟರು ಅಲುಗಲಿಲ್ಲ. ನಮಗೆ ಗಾಬರಿ. ಹುಡುಗ ಸಾವಧಾನವಾಗಿ ಸಾಲನ್ನು ತೆರೆದು ನೋಡಿದ. ‘ಉತ್ತರಕ್ಕೆ ಕಾದಿದೆ’ ಎಂಬ ಗುರುತಿತ್ತು. ಸಂಬಳದ ಚೀಟಿಗೆ ಬೇರೆ ನಮೂನೆಯ ಕಾಗದವಾದುದರಿಂದ ‘ಆ ನಮೂನೆಯನ್ನು ಹಾಕಿದ್ದೀರಾ, ಮುಂದುವರಿಯಲೇ’ ಎಂದು ರೈಟರ್ ಕೇಳಿ ನಿಂತಿತ್ತು. ‘ಜಿ’ ಎಂಬ ಒಂದು ಅಕ್ಷರ ಒತ್ತಿದ ಕೂಡಲೇ ಹಾಳೆಗಳು ಒಂದರ ಹಿಂದೊಂದು ಹೊರಬಂದವು. ಉತ್ತರ ಬರುವವರೆಗೆ ಗಂಟೆಗಟ್ಟಲೆ, ದಿನಗಟ್ಟಲೆಯಾದರೂ ಅದು ಹಾಗೆಯೇ ಕಾಯುತ್ತದಂತೆ. ಕಚೇರಿಗಳಲ್ಲಿ ಕೆಟ್ಟಿದೆ ಎಂದು ಬೈಸಿಕೊಳ್ಳುವ ಪ್ರಿಂಟರುಗಳಲ್ಲಿ ಹಲವು ಕೆಟ್ಟಿರುವುದಿಲ್ಲ. ಏನೋ ಕೇಳಿ ಸುಮ್ಮನೆ ನಿಂತಿರುತ್ತವೆ. ತರಗತಿಯ ಹಿಂದಿನ ಸಾಲಿನಲ್ಲಿ ಬಾಯಿ ಬಿಡದೆ ಕುಳಿತ ಎಷ್ಟೋ ಮಕ್ಕಳು ನಮಗೆ ನೆನಪಾದರು.

ಹೊರಬಂದ ಚೀಟಿಯನ್ನು ಕೈಗೆ ತೆಗೆದುಕೊಂಡು ಓದಿದೆವು. ಎಲ್ಲವೂ ಇಂಗ್ಲಿಷಿನ ದೊಡ್ಡ ಅಕ್ಷರಗಳು, ಅದೂ ಸಂಕ್ಷೇಪದಲ್ಲಿ. ನಾಲ್ಕು ಕಡಿತಗಳಿದ್ದವು, ಯಾವುದು ಯಾತಕ್ಕೆಂದು ತಿಳಿಯಲು ನಮಗೂ ಹೊತ್ತು ಹಿಡಿಯಿತು. ಇಪ್ಪತ್ತು ವರ್ಷ ದುಡಿದವರು ತಿಂಗಳು ತಿಂಗಳೂ ಇದನ್ನು ನಮ್ಮ ಬಳಿಗೆ ತಂದು, “ಮೇಷ್ಟ್ರೇ, ಈ ತಿಂಗಳು ಯಾಕೆ ಕಮ್ಮಿ ಬಂದೈತೆ, ನೋಡಿ ಹೇಳಿ” ಎಂದು ಕೇಳುತ್ತಿದ್ದುದೇಕೆಂದು ಅರ್ಥವಾಯಿತು. “ಇದನ್ನು ಕನ್ನಡದಲ್ಲಿ ತೆಗೆಯಲು ಬರುವುದಿಲ್ಲವೇ?” ಎಂದು ಕೇಳಿದೆವು.

ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. ಯೂನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ 1991ರಿಂದಲೇ ಕನ್ನಡಕ್ಕೆ 128 ಸ್ಥಾನಗಳ ಓಣಿ ಇದೆ. ಅದನ್ನು ಈ ಯಂತ್ರದ ಕಡತಗಳಲ್ಲಿ ಇಡಲೂಬಹುದು. ತೊಡಕು ಅಚ್ಚಿನಲ್ಲಿ. ಹಳೆಯ ಸಾಲು ಪದ್ಧತಿಯು ಒಂದು ಅಕ್ಷರಕ್ಕೆ ಒಂದು ಮನೆ ಎಂದು ಲೆಕ್ಕ ಹಾಕುತ್ತದೆ. ನಮ್ಮ ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ, ಸಂಕೇತದಲ್ಲಿ ಆರು. ಒತ್ತು ಕೆಳಗೆ ಹೋಗಬೇಕು, ದೀರ್ಘ ಪಕ್ಕಕ್ಕೆ ಬರಬೇಕು. ಇಂತಹ ಜೋಡಣೆಯನ್ನು ಆ ದುಭಾಷಿ ಅರಿಯದು. ಪುಟವನ್ನೇ ಚಿತ್ರದಂತೆ ಬೇರೆ ಕಡೆ ಸಿದ್ಧಪಡಿಸಿ ಕಳುಹಿಸುವ ಉಪಾಯವಿದ್ದರೂ ಅದಕ್ಕೆ ಸಂಬಳದ ಪ್ರೋಗ್ರಾಮನ್ನೇ ತಿದ್ದಬೇಕು; ಅದಕ್ಕೆ ಅನುಮತಿ ಸಿಗುವುದು ಸುಲಭವಲ್ಲ. “ಒಂದು ಕೆಲಸ ಮಾಡಬಹುದು ಸಾರ್. ಈ ಪ್ರಿಂಟರಿನಲ್ಲಿ ಎರಡು ಟ್ರೇ ಇದೆ. ಎರಡನೆಯದರಲ್ಲಿ ತಲೆಬರಹ ಪ್ರೆಸ್ಸಿನಲ್ಲಿ ಅಚ್ಚಾದ ಹಾಳೆ ಇಡೋಣ. ಅಂಕಿ ಮಾತ್ರ ಕಂಪ್ಯೂಟರು ತುಂಬಲಿ” ಎಂದ.

ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯಿದೆಯು, ಕಾಯಿದೆಯ ಸಾರಾಂಶವನ್ನು ಇಂಗ್ಲಿಷಿನಲ್ಲೂ, ಕಾರ್ಖಾನೆಯ ಬಹುಸಂಖ್ಯಾತ ಕೆಲಸಗಾರರ ಭಾಷೆಯಲ್ಲೂ ಗೋಡೆಗೆ ಹಾಕಬೇಕೆಂದು ಹೇಳುತ್ತಿತ್ತು. ಬಹುಸಂಖ್ಯಾತರ ಭಾಷೆ ಎಂದರೆ ಇಲ್ಲಿ ತಮಿಳು, ಅದು ನ್ಯಾಯವೇ. ನಮ್ಮಂತಹವರ ಮಾತು ಹಾಳೆಗೆ ಬರಬೇಕಾದರೆ ಯಾರಾದರೂ ಹೋಗಿ ಕೇಳಬೇಕು. ಕೇಳಿದೆವು. ಅಧಿಕಾರಿಗಳು ಸಜ್ಜನರು, ತಮಿಳು, ಕನ್ನಡ, ತೆಲುಗು ಮೂರರಲ್ಲೂ ತಲೆಬರಹ ಹಾಕಿಸೋಣ, ಮಾತುಗಳನ್ನು ನೀವೇ ಬರೆದುಕೊಡಿ ಎಂದರು.

ಬರೆಯಲು ಕುಳಿತಾಗ ಅದು ಸುಲಭದ ಕೆಲಸವಲ್ಲವೆಂದು ತಿಳಿಯಿತು. ಪುಸ್ತಕದ ಕನ್ನಡದಲ್ಲಿ ‘ಭವಿಷ್ಯ ನಿಧಿ’, ‘ತುಟ್ಟಿಭತ್ಯೆ’ ಎಂದೇನೋ ಉಂಟು. ನಮ್ಮ ಊರಿನ ಕೆಲಸಗಾರರನ್ನು ಜಗಲಿಯ ಮೇಲೆ ಕೂರಿಸಿಕೊಂಡು ಕೇಳಿದೆವು. ‘ಪಿ.ಎಫ್.’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ‘ಭವಿಷ್ಯ ನಿಧಿ’ ಎಂದರೆ ಒಬ್ಬರು ಜ್ಯೋತಿಷ್ಯವೇ ಎಂದು ಕೇಳಿದರು. ‘ಪಿ.ಎಫ್. ಹಿಡಿದದ್ದು’, ‘ಕೈಸಾಲ ಹಿಡಿದದ್ದು’, ‘ಬಂದ ದಿನ’, ‘ಕೈಗೆ ಬರುವುದು’ ಎಂದು ಬರೆದೆವು. ತೆಲುಗನ್ನು ಆಚೆ ಓಣಿಯ ಶಿಕ್ಷಕರೂ, ತಮಿಳನ್ನು ನಮ್ಮ ಶಾಲೆಯ ತಮಿಳು ಶಿಕ್ಷಕಿಯೂ ಇದೇ ರೀತಿ ಬರೆದರು. ಲೇಸರ್ ಪ್ರಿಂಟರಿನೊಳಗೆ ಹಾಳೆಯು ಬಹಳ ಬಿಸಿಯ ಉರುಳೆಗಳ ನಡುವೆ ಹಾದುಹೋಗುವುದರಿಂದ, ಬಿಸಿಗೆ ಕರಗದ ಶಾಯಿಯಲ್ಲೇ ಅಚ್ಚು ಹಾಕಬೇಕೆಂದು ಪ್ರೆಸ್ಸಿನವರಿಗೆ ಮೊದಲೇ ತಿಳಿಸಿದೆವು.

2019ರ ಆಗಸ್ಟ್ ತಿಂಗಳ ಸಂಬಳದ ಚೀಟಿ ಹಾಗೆ ಬಂದಿತು. ಹೆಸರುಗಳು ಇನ್ನೂ ಇಂಗ್ಲಿಷಿನಲ್ಲೇ ಇದ್ದವು. ಅದು ನಮಗೂ ಸಮಾಧಾನವಿಲ್ಲದ ಸಂಗತಿ. ಆದರೆ ಆ ತಿಂಗಳು ನಮ್ಮ ಬಳಿಗೆ ಚೀಟಿ ಓದಿಸಲು ಬಂದವರು ಇಬ್ಬರೇ. ಅವರಲ್ಲಿ ಒಬ್ಬರು ಬಂದದ್ದು ಓದಿಸುವುದಕ್ಕಲ್ಲ, ಎರಡು ದಿನದ ಹಾಜರಿ ತಪ್ಪಿರುವುದನ್ನು ತಾವೇ ಓದಿ ಕಂಡುಹಿಡಿದು, ಅರ್ಜಿ ಬರೆಸುವುದಕ್ಕೆ. ಆ ಎರಡು ದಿನದ ಕೂಲಿ ಅವರಿಗೆ ಮುಂದಿನ ತಿಂಗಳು ಸೇರಿತು. ಹುಡುಗನ ಗುತ್ತಿಗೆಯನ್ನೂ ಕಾರ್ಖಾನೆಯವರು ಮುಂದುವರಿಸಿದರು. ಶಾಲೆಗೆ ಬರುತ್ತಿದ್ದ ಅಗಲದ ಕಾಗದ ಮಾತ್ರ ಅಂದಿಗೆ ನಿಂತುಹೋಯಿತು.

ಗಡಿಯಾಚೆಯ ನಮ್ಮ ಕುಟುಂಬಗಳಿಗೆ ಹೇಳಬೇಕಾದುದು ಇಷ್ಟೆ. ನಿಮ್ಮ ಮನೆಗೆ ಬರುವ ಚೀಟಿಯು ನಿಮಗೆ ಓದಲು ಬರುವುದಿಲ್ಲವಾದರೆ ಅದು ಯಂತ್ರದ ಹಣೆಬರಹವೆಂದು ಕೈಕಟ್ಟಿ ಕೂರಬೇಡಿ. ಕಚೇರಿಗೆ ಹೋಗಿ ಮರ್ಯಾದೆಯಿಂದ ಕೇಳಿ. ತಲೆಬರಹದ ಹಾಳೆಗೆ ತಗಲುವ ಖರ್ಚು ಅಲ್ಪ. ಕೇಳುವಾಗ ನೆರೆಯ ಭಾಷೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮಾತುಗಳನ್ನು ಆರಿಸುವಾಗ ಆ ಚೀಟಿ ಪಡೆಯುವವರನ್ನೇ ಕೇಳಿ ಬರೆಯಿರಿ. ಮನೆಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಹೋಗುವ ಮಕ್ಕಳಿದ್ದರೆ, ಜನರ ಕೈಸೇರಬೇಕಾದ ಕಾಗದವನ್ನು ಅಚ್ಚಾದ ಮೇಲೂ ಕೆಲವು ದಿನ ಸಾಲಿನಲ್ಲಿ ಉಳಿಸಿಡಬೇಕೆಂದು ಅವರಿಗೆ ತಿಳಿಸಿರಿ.